ಆಸರೆ ಇಲ್ಲದೆ ನಿಲ್ಲಲು ಆಗುತ್ತಾ ಅಂತ ಕೇಳಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಟಿಬಿ ಇದೆ ಅಂತ ಗೊತ್ತಾದ ದಿನ ನಮ್ಮ ಚಿಕ್ಕಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಎದ್ದು ನಿಂತರು. ಕಾಲು ಊದಿತ್ತು. ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತಿತ್ತು. ಆಸ್ಪತ್ರೆಯವರು ಕಫ ಪರೀಕ್ಷೆ ಮಾಡಿದ್ದರು. ಹೆಸರು ಕಂಪ್ಯೂಟರಿಗೆ ಏರಿಸಿ, ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಒಂದು ಮಾತ್ರೆಯನ್ನೂ ಅವರು ತಪ್ಪಿಸಲಿಲ್ಲ. ಹದಿನೆಂಟನೇ ದಿನ ತೀರಿಕೊಂಡರು.

ಕಾಲಿನ ಊತವನ್ನು ಯಾರೂ ಬರೆದುಕೊಂಡಿರಲಿಲ್ಲ.

ಪಕ್ಕದ ತಮಿಳುನಾಡಿನಲ್ಲಿ 2022ರಿಂದ ಇದನ್ನು ಬರೆದುಕೊಳ್ಳುತ್ತಿದ್ದಾರೆ ಸರ್. ಟಿಬಿ ಪತ್ತೆಯಾದ ಕೂಡಲೇ ಸಿಬ್ಬಂದಿ ಐದು ವಿಷಯ ನೋಡುತ್ತಾರೆ. ಎತ್ತರಕ್ಕೆ ತಕ್ಕ ತೂಕ ಇದೆಯಾ, ಕಾಲು ಊದಿದೆಯಾ, ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಆಸರೆ ಇಲ್ಲದೆ ನಿಲ್ಲಲು ಆಗುತ್ತಾ. ಸ್ಥಿತಿ ಗಂಭೀರ ಇದ್ದವರನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಈ ವಿವರಗಳನ್ನು ಸಿಬ್ಬಂದಿ ತುಂಬುವ ಆ್ಯಪ್‌ಗೆ 2025ರಲ್ಲಿ ಇನ್ನೊಂದು ಲೆಕ್ಕವೂ ಸೇರಿತು. ಹಿಂದಿನ ರೋಗಿಗಳ ಮಾಹಿತಿ ಇಟ್ಟುಕೊಂಡು, ಈ ರೋಗಿಯ ಜೀವಕ್ಕೆ ಶೇಕಡಾ ಎಷ್ಟು ಅಪಾಯ ಇದೆ ಅಂತ ಅದು ತೋರಿಸುತ್ತದೆ.

ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇದು ನಡೆಯಬೇಕು. ಆದರೆ ಸುಮ್ನೆ ಆ್ಯಪ್ ತಂದರೆ ಸಾಲದು. ಅಪಾಯ ಅಂತ ಫೋನು ಹೇಳಿದ ದಿನ ಹಾಸಿಗೆ ಸಿಗಬೇಕು, ಗಾಡಿ ಬರಬೇಕು. ಜೊತೆಗಿರುವವರ ಕೂಲಿಗೂ ಏನಾದರೂ ದಾರಿ ಮಾಡಬೇಕು. ದೊಡ್ಡಾಸ್ಪತ್ರೆಗೆ ಹೋಗೋಣ ಅಂತ ಚಿಕ್ಕಮ್ಮ ಎಷ್ಟು ಸಲ ಕರೆದರೂ ಚಿಕ್ಕಪ್ಪನದು ಒಂದೇ ಮಾತು: “ನೀನು ಬಂದು ನನ್ನ ಜೊತೆ ಕೂತರೆ ಮನೇಲಿ ಒಲೆ ಹಚ್ಚೋದು ಹೇಗೆ?”

ಆ್ಯಪಿನ ಇಂಥ ಲೆಕ್ಕ ಏನನ್ನು ನೋಡಿ ಕಲಿಯುತ್ತದೆ ಅನ್ನುವುದನ್ನೂ ದಯವಿಟ್ಟು ಗಮನಿಸಿ. ಯಾರಿಗೆ ಹೆಚ್ಚು ಆರೈಕೆ ಬೇಕು ಅಂತ ಆರಿಸಲು ಅಮೆರಿಕದ ಆಸ್ಪತ್ರೆಗಳು ಇಂಥದ್ದೇ ಒಂದು ಲೆಕ್ಕ ಬಳಸುತ್ತಿದ್ದವು. ಚಿಕಿತ್ಸೆಗೆ ಖರ್ಚು ಜಾಸ್ತಿ ಆಗುವವರೇ ಜಾಸ್ತಿ ಕಾಯಿಲೆಯವರು ಅಂತ ಅದು ಎಣಿಸುತ್ತಿತ್ತು. ಕಪ್ಪು ಜನಾಂಗದವರಿಗೆ ಅಷ್ಟೇ ಕಾಯಿಲೆ ಇದ್ದರೂ ಆಗುತ್ತಿದ್ದ ಖರ್ಚು ಕಡಿಮೆ. ಹಾಗಾಗಿ ಎಷ್ಟೋ ಜನ ಪಟ್ಟಿಗೇ ಬರಲಿಲ್ಲ ಅಂತ 2019ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ನಮ್ಮಲ್ಲೂ ಚಿಕಿತ್ಸೆಯ ಬಿಲ್ ನೋಡಿ ಲೆಕ್ಕಕ್ಕೆ ಕಲಿಸಿದರೆ, ದುಡ್ಡಿಲ್ಲದೆ ಆಸ್ಪತ್ರೆ ಮೆಟ್ಟಿಲು ಹತ್ತದವರೆಲ್ಲ ಆರೋಗ್ಯವಂತರ ಸಾಲಿಗೆ ಸೇರಿಬಿಡುತ್ತಾರೆ ಅಲ್ವಾ?

ಅಪಾಯದಲ್ಲಿದ್ದಾರೆ ಅಂತ ಗೊತ್ತಾದವರು ಎಷ್ಟು ಜನ, ಅವರಲ್ಲಿ ಎಷ್ಟು ಜನಕ್ಕೆ ಎಷ್ಟನೇ ದಿನ ಹಾಸಿಗೆ ಸಿಕ್ಕಿತು? ಪ್ರತಿ ತಿಂಗಳೂ ಇದನ್ನು ತಾಲ್ಲೂಕು ಆಸ್ಪತ್ರೆಯ ಗೋಡೆ ಮೇಲೆ ಬರೆಸಿ ಸರ್.

ಇಂತಿ,
ಟಿಬಿಯಿಂದ ತೀರಿಕೊಂಡವರ ಮನೆಯವಳು