ಶೆಡ್ಡಿಗೆ ಯಂತ್ರ ತಂದ ಮಗನಿಗೆ ದೊಡ್ಡಪ್ಪನ ಪತ್ರ

ಸಾಗರ

ಚಿ. ಶ್ರೀಕಾಂತನಿಗೆ,

ನಿನ್ನ ದೊಡ್ಡಪ್ಪ ಮಾಡುವ ಅನೇಕ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ಬಡಗಿ ಕೆಲಸಕ್ಕೆಂದು ನೀನು ಬಾಡಿಗೆಗೆ ಹಿಡಿದ ಶೆಡ್ಡಿನ ಫೋಟೊಗಳನ್ನೂ ಕೊಂಡ ಯಂತ್ರಗಳ ಪಟ್ಟಿಯನ್ನೂ ನಿನ್ನ ಅಪ್ಪ ನನಗೆ ತೋರಿಸಿದ. ಮೇಜಿನ ನಡುವೆ ಹತ್ತು ಇಂಚು ಬ್ಲೇಡ್ ಎದ್ದು ತಿರುಗುವ ಟೇಬಲ್ ಸಾ, ಮರದ ಮೈ ನಯಮಾಡುವ ಸೆಕೆಂಡ್ ಹ್ಯಾಂಡ್ ಪ್ಲೇನರ್, ಅಂಚು ಕೊರೆಯುವ ರೌಟರ್, ಡ್ರಿಲ್, ಲೋಹ ಉಜ್ಜುವ ಗ್ರೈಂಡರ್, ಮಾರ್ಬಲ್ ಕಟ್ಟರ್ ಎಲ್ಲವೂ ಪಟ್ಟಿಯಲ್ಲಿದ್ದವು. ಕನ್ನಡಕ, ಕಿವಿಗೆ ಹಾಕುವ ಮುಚ್ಚುಗೆ, ಧೂಳು ಹೀರುವ ಯಂತ್ರ ಇವು ಮೂರೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಟೇಬಲ್ ಸಾ ಜೊತೆಗೆ ಬಂದ, ಬ್ಲೇಡನ್ನು ಮುಚ್ಚುವ ಗಾರ್ಡನ್ನು ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿರುವುದು ಫೋಟೊದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಫೋನಿನಲ್ಲಿ ಹೇಳಿದ ಮಾತು ಆ ಕ್ಷಣಕ್ಕೆ "ಹೂಂ ದೊಡ್ಡಪ್ಪ" ಎನ್ನಿಸಿಕೊಂಡು ಮರೆತುಹೋಗುತ್ತದೆ. ಆದ್ದರಿಂದ ಬರೆದೇ ಕಳಿಸುತ್ತಿದ್ದೇನೆ.

ಐಟಿಐಯಲ್ಲಿ ಬಡಗಿ ವಿಭಾಗದ ಹುಡುಗರಿಗೆ ಪಾಠ ಹೇಳುತ್ತಿದ್ದ ಕಾಲದಿಂದಲೂ "ಹುಷಾರಾಗಿ ಕೆಲಸ ಮಾಡು" ಎಂಬ ಮಾತನ್ನು ನಾನು ಹೆಚ್ಚು ನಂಬಿದವನಲ್ಲ. ಬೆಳಿಗ್ಗೆ ಒಂಬತ್ತು ಗಂಟೆಗೆ ಎಲ್ಲರೂ ಹುಷಾರಾಗಿಯೇ ಇರುತ್ತಾರೆ. ಸಂಜೆ ಐದಕ್ಕೆ, ಗಿರಾಕಿ ಬಾಗಿಲಲ್ಲಿ ನಿಂತು ನಾಳೆ ಗೃಹಪ್ರವೇಶ ಎಂದು ಅವಸರಪಡಿಸುತ್ತಿರುವಾಗ, ಅದೇ ಮನುಷ್ಯನ ಕೈ ಬೇರೆಯೇ ಆಗಿರುತ್ತದೆ. ನಮ್ಮ ಹಿರಿಯರು ಬಾಚಿ, ಉಳಿ, ಕೀಸುಳಿ ಹಿಡಿದಾಗ ಹತ್ಯಾರಿನ ಬಲವೆಲ್ಲ ಅವರ ತೋಳಿನದೇ ಆಗಿದ್ದರಿಂದ ತೋಳು ಸೋತೊಡನೆ ಹತ್ಯಾರೂ ನಿಲ್ಲುತ್ತಿತ್ತು. ಮೋಟಾರಿಗೆ ನಿನ್ನ ಆಯಾಸ ತಿಳಿಯುವುದಿಲ್ಲ. ಆದ್ದರಿಂದ ಕೈ ತಪ್ಪದಿರಲಿ ಎಂದು ಹಾರೈಸುವ ಬದಲು, ತಪ್ಪಿದರೂ ಅದು ಬ್ಲೇಡಿಗೆ ತಾಗದಂಥ ಏರ್ಪಾಡನ್ನು ಸ್ವಿಚ್ ಹಾಕುವ ಮುಂಚೆಯೇ ಮಾಡಿಕೊಂಡಿರಬೇಕು. ಈ ಪತ್ರದಲ್ಲಿ ನಾನು ಹೇಳುವುದೆಲ್ಲ ಆ ಏರ್ಪಾಡಿನ ವಿವರವೇ.

ಮೊದಲು ಟೇಬಲ್ ಸಾ. ಹತ್ತು ಇಂಚಿನ ಬ್ಲೇಡ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುವಾಗ ಅದರ ಅಂಚಿನ ಹಲ್ಲು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಕೆಳಕ್ಕೆ, ಟೇಬಲಿನ ಮೇಲಕ್ಕೆ ಒತ್ತುತ್ತವೆ, ಅದರಿಂದ ಅಪಾಯವಿಲ್ಲ. ಹಿಂಭಾಗದ ಹಲ್ಲುಗಳು ಮಾತ್ರ ಟೇಬಲಿನಿಂದ ಮೇಲೆದ್ದು ನಿನ್ನ ಕಡೆಗೆ ಬರುತ್ತಿರುತ್ತವೆ. ಸೀಳಿದ ಮರ ಆ ಹಿಂಭಾಗಕ್ಕೆ ಒತ್ತಿಕೊಂಡಿತೆಂದರೆ ಹಲ್ಲುಗಳು ಅದನ್ನು ಎತ್ತಿ, ತಿರುಗಿಸಿ, ಅದೇ ವೇಗದಲ್ಲಿ ನಿನ್ನ ಹೊಟ್ಟೆಗೋ ಎದೆಗೋ ಎಸೆಯುತ್ತವೆ. ಕೆಲಸಗಾರರು ಇದನ್ನೇ ಕಿಕ್‌ಬ್ಯಾಕ್ ಎನ್ನುವುದು. ಎಸೆತದಿಂದ ಆಗುವ ಗಾಯ ಒಂದಾದರೆ, ಮರ ಹಠಾತ್ತನೆ ಕೈಕೆಳಗಿನಿಂದ ಜಾರಿದಾಗ ಅದನ್ನು ಒತ್ತುತ್ತಿದ್ದ ಕೈ ನೇರವಾಗಿ ಬ್ಲೇಡಿನ ಮೇಲೆ ಬೀಳುವುದು ಇನ್ನೊಂದು, ಮತ್ತು ಅದು ಹೆಚ್ಚು ಭೀಕರ.

ಮರ ಬ್ಲೇಡಿನ ಹಿಂಭಾಗಕ್ಕೆ ಒತ್ತಿಕೊಳ್ಳಲು ಎರಡು ಮುಖ್ಯ ಕಾರಣಗಳಿವೆ. ಫೆನ್ಸ್, ಅಂದರೆ ಮರವನ್ನು ಆನಿಸಿ ನಡೆಸುವ ಪಕ್ಕದ ಅಡ್ಡಪಟ್ಟಿ, ಬ್ಲೇಡಿಗೆ ಸಮಾನಾಂತರವಾಗಿರದೆ ಹಿಂದಕ್ಕೆ ಹೋಗುತ್ತ ಕಿರಿದಾಗಿದ್ದರೆ ಮರ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಇದನ್ನು ಬ್ಲೇಡ್ ನಿಲ್ಲಿಸಿ, ಪ್ಲಗ್ ಕಿತ್ತು, ಮುಂದಿನ ಹಲ್ಲಿನಿಂದಲೂ ಹಿಂದಿನ ಹಲ್ಲಿನಿಂದಲೂ ಫೆನ್ಸಿಗೆ ಇರುವ ಅಂತರವನ್ನು ಅಳೆದು ಸರಿಪಡಿಸಬಹುದು. ಎರಡನೆಯದು ಮರದ ಒಳಗಿನ ಬಿಗುವು. ನಮ್ಮ ಮಲೆನಾಡಿನಲ್ಲಿ ಸರಿಯಾಗಿ ಒಣಗದ ಅಕೇಶಿಯಾ ಎಷ್ಟು ಬೇಕಾದರೂ ಬರುತ್ತದೆ. ಅದನ್ನು ಸೀಳುತ್ತ ಹೋದಂತೆ ಸೀಳು ಒಮ್ಮೊಮ್ಮೆ ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಯಾವ ಅಳತೆಯೂ ಇದನ್ನು ಮೊದಲೇ ಹೇಳಲಾರದು. ಆದ್ದರಿಂದಲೇ ಬ್ಲೇಡಿನ ಬೆನ್ನಿಗೆ ರೈವಿಂಗ್ ನೈಫ್ ಎಂಬ ಉಕ್ಕಿನ ಪಟ್ಟಿಯನ್ನು ಕೊಟ್ಟಿರುತ್ತಾರೆ. ಸೀಳು ಮುಚ್ಚಿಕೊಳ್ಳದಂತೆ ಅದು ನಡುವೆ ನಿಂತಿರುತ್ತದೆ. ಅದರ ದಪ್ಪ ಬ್ಲೇಡಿನ ತಗಡಿಗಿಂತ ಹೆಚ್ಚು, ಹಲ್ಲು ಕೊರೆಯುವ ಸೀಳಿಗಿಂತ ಕೊಂಚ ಕಡಿಮೆ ಇರಬೇಕು. ಹಲ್ಲು ಮೂರು ಮಿಲಿಮೀಟರ್ ಸೀಳು ಕೊರೆಯುವುದಾದರೆ ಎರಡೂವರೆಯ ಪಟ್ಟಿ ಸರಿಹೋಗುತ್ತದೆ. ಹಲ್ಲಿಗೂ ಪಟ್ಟಿಗೂ ನಡುವಿನ ಸಂದು ಎಂಟು ಮಿಲಿಮೀಟರ್ ಮೀರಬಾರದು. ನೀನು ಗಾರ್ಡ್ ಬಿಚ್ಚಿದಾಗ ಈ ಪಟ್ಟಿಯನ್ನೂ ಬಿಚ್ಚಿಟ್ಟಿರುವೆಯೆಂದು ನನ್ನ ಊಹೆ, ಏಕೆಂದರೆ ಅನೇಕ ಯಂತ್ರಗಳಲ್ಲಿ ಅವೆರಡೂ ಒಂದಕ್ಕೊಂದು ಕೂಡಿಕೊಂಡೇ ಬರುತ್ತವೆ. ಮರದ ಪೂರ್ತಿ ದಪ್ಪವನ್ನು ಕೊರೆಯದೆ ಬರೀ ಮೇಲ್ಮೈಯಲ್ಲಿ ಕಾಲುವೆಯಂತೆ ತೋಡುವಾಗ ಗಾರ್ಡ್ ಅಡ್ಡ ಬರುವುದು ನಿಜ. ಆಗಲೂ ಪಟ್ಟಿಯನ್ನು ಬ್ಲೇಡಿನ ಎತ್ತರಕ್ಕೆ ಇಳಿಸಿಕೊಳ್ಳಬಹುದೇ ಹೊರತು ತೆಗೆಯಬೇಕಾಗಿಲ್ಲ.

ಬ್ಲೇಡಿನ ನೇರಕ್ಕೆ ಎಂದೂ ನಿಲ್ಲಬೇಡ. ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲು. ಹಲ್ಲು ಮರದ ಮೇಲೆ ನಾಲ್ಕಾರು ಮಿಲಿಮೀಟರ್ ಕಂಡರೆ ಸಾಕು, ಅಂಗೈಯಷ್ಟು ಬ್ಲೇಡನ್ನು ಮೇಲೆಬ್ಬಿಸಿಕೊಂಡು ಕಾಲಿಂಚು ಪ್ಲೈವುಡ್ ಕೊಯ್ಯುವುದು ಯಾವ ಜಾಣತನವೂ ಅಲ್ಲ. ಅಡ್ಡಕೊಯ್ತದಲ್ಲಿ ಒಂದೇ ಅಳತೆಯ ತುಂಡುಗಳು ಬೇಕೆಂದು ಫೆನ್ಸನ್ನೇ ಅಳತೆಗೆ ಆನಿಸಿಕೊಳ್ಳುವ ಅಭ್ಯಾಸ ಬಹಳ ಜನರಲ್ಲಿದೆ. ಕತ್ತರಿಸಿ ಬಿದ್ದ ತುಂಡು ಫೆನ್ಸಿಗೂ ಬ್ಲೇಡಿಗೂ ನಡುವೆ ಓರೆಯಾಗಿ ಸಿಕ್ಕಿ ಹಾರುವುದು ಹೀಗೆಯೇ. ಬ್ಲೇಡಿಗೆ ಸಾಕಷ್ಟು ಮೊದಲೇ ಫೆನ್ಸಿಗೊಂದು ಕಟ್ಟಿಗೆಯ ತುಂಡನ್ನು ಕ್ಲ್ಯಾಂಪ್ ಮಾಡಿ ಅಳತೆಯನ್ನು ಅದಕ್ಕೆ ಆನಿಸಿದರೆ, ಕೊಯ್ಯುವ ಹೊತ್ತಿಗೆ ತುಂಡಿನ ಪಕ್ಕದಲ್ಲಿ ಖಾಲಿ ಜಾಗವಿರುತ್ತದೆ.

ತಳ್ಳುಕೋಲಿನ ವಿಷಯಕ್ಕೆ ಒಂದು ಪ್ರಸಂಗ ಹೇಳಬೇಕು. ನಮ್ಮ ಪೇಟೆಯ ಹಿರಿಯ ಆಚಾರ್ಯರೊಬ್ಬರು, ಬಾಗಿಲಿನ ದಾರಂದದ ಮೇಲೆ ಅವರು ಬಿಡಿಸಿದ ಬಳ್ಳಿಯನ್ನು ನೋಡಲೆಂದೇ ಜನ ಬರುತ್ತಿದ್ದಂಥವರು, ಸಾಗುವಾನಿಯ ಬೀಡಿಂಗ್ ಸೀಳುತ್ತಿದ್ದಾಗ ಕೊನೆಯ ಗೇಣುದ್ದವನ್ನು ಬೆರಳಿನಿಂದಲೇ ದೂಡಿದರು. ಮರ ಗಂಟಿಗೆ ಬಂದು ನಿಂತಿತು, ಅವರು ಒಂದಿಷ್ಟು ಒತ್ತಿದರು, ಗಂಟು ದಾಟಿದೊಡನೆ ಮರದ ಜೊತೆಗೆ ಬೆರಳೂ ಮುಂದಕ್ಕೆ ಹೋಯಿತು. ಎರಡು ಬೆರಳಿನ ತುದಿ ಹೋದವು. ಅವರ ಹಿಂದಿನ ಗೋಡೆಯ ಗೂಟಕ್ಕೆ ಅಂದವಾದ ತಳ್ಳುಕೋಲೊಂದು ನೇತಾಡುತ್ತಿತ್ತು. ಅದನ್ನು ತೆಗೆದುಕೊಳ್ಳಲು ಅವರು ಮೂರು ಹೆಜ್ಜೆ ನಡೆಯಬೇಕಿತ್ತು. ಆದ್ದರಿಂದ ಕೋಲನ್ನು ಗೋಡೆಯ ಮೇಲಲ್ಲ, ಫೆನ್ಸಿನ ಮೇಲೆಯೇ ಇಟ್ಟಿರು, ಒಂದಲ್ಲ ಎರಡು. ಮರವನ್ನು ಹಿಂದಿನಿಂದ ದೂಡುವುದರ ಜೊತೆಗೆ ಮೇಲಿನಿಂದಲೂ ಒತ್ತಿ ಹಿಡಿಯುವಂತೆ ಅದರ ತಳ ಉದ್ದವಾಗಿರಲಿ. ಬ್ಲೇಡಿನಿಂದ ಒಂದು ಗೇಣು ಬಿಟ್ಟು ಟೇಬಲ್ಲಿನ ಮೇಲೆ ಕೆಂಪು ಬಣ್ಣದ ಗೆರೆ ಎಳೆ. ಆ ಗೆರೆಯ ಒಳಗೆ ಕೋಲು ಹೋಗಲಿ, ಕೈ ಹೋಗಬಾರದು.

ಬೆರಳು ತಾಗಿದ ಕೂಡಲೇ ತಾನಾಗಿ ನಿಲ್ಲುವ ಟೇಬಲ್ ಸಾ ಉಂಟಂತಲ್ಲ ಎಂದು ನೀನು ಕೇಳಬಹುದು. ಉಂಟು. ಅಮೆರಿಕದ ಸ್ಟೀವ್ ಗ್ಯಾಸ್ ಎಂಬುವರು 1999ರಲ್ಲಿ ಕಂಡುಹಿಡಿದ ಸಾ-ಸ್ಟಾಪ್ ಯಂತ್ರ ಮೈಯ ವಿದ್ಯುತ್ ಗುಣದಿಂದ ಬೆರಳನ್ನು ಗುರುತಿಸಿ, ಅಲ್ಯೂಮಿನಿಯಂ ಗಟ್ಟಿಯೊಂದನ್ನು ಬ್ಲೇಡಿಗೆ ನೂಕಿ, ಸುಮಾರು ಐದು ಮಿಲಿಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ಅದು ನಮ್ಮಂಥವರ ಬಂಡವಾಳಕ್ಕೆ ನಿಲುಕುವ ಮಾತಲ್ಲ. ಅಲ್ಲದೆ ಹಾರಿಬರುವ ಮರವನ್ನು ಅದೂ ತಡೆಯಲಾರದು.

ಈಗ ಮಾರ್ಬಲ್ ಕಟ್ಟರ್. ಕಲ್ಲು ಕೊಯ್ಯಲೆಂದು ಮಾಡಿದ ಈ ನಾಲ್ಕಿಂಚಿನ ಯಂತ್ರಕ್ಕೆ ಮರದ ಹಲ್ಲಿನ ಬ್ಲೇಡ್ ಹಾಕಿ ಪ್ಲೈವುಡ್ ಕೊಯ್ಯುವುದು ನಮ್ಮ ರಾಜ್ಯದ ಯಾವ ಊರಿಗೆ ಹೋದರೂ ಕಾಣುವ ದೃಶ್ಯ. ಅಗ್ಗ, ಹಗುರ, ಎಲ್ಲರೂ ಮಾಡುತ್ತಾರೆ. ನೀನು ಮಾಡಬಾರದು. ಅದು ನಿಮಿಷಕ್ಕೆ ಹನ್ನೆರಡು ಹದಿಮೂರು ಸಾವಿರ ಸುತ್ತು ತಿರುಗುತ್ತದೆ, ಮತ್ತು ಮರ ಕೊಯ್ಯುವ ಸರ್ಕ್ಯುಲರ್ ಸಾದಲ್ಲಿ ಇರುವಂತೆ ಸ್ಪ್ರಿಂಗಿನಿಂದ ತಾನಾಗಿ ಮುಚ್ಚಿಕೊಳ್ಳುವ ಕೆಳಗಿನ ಗಾರ್ಡ್ ಅದರಲ್ಲಿ ಇಲ್ಲ. ಕೊಯ್ದು ಮುಗಿಸಿ ಯಂತ್ರವನ್ನು ತೊಡೆಯ ಬಳಿ ಇಳಿಸುವಾಗ ಬ್ಲೇಡ್ ಇನ್ನೂ ತಿರುಗುತ್ತಲೇ, ತೆರೆದೇ ಇರುತ್ತದೆ. ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಹಾಕುವುದಂತೂ ಇನ್ನೂ ಕೆಟ್ಟದ್ದು. ಅದನ್ನು ಮಾಡುವವನನ್ನು ನಿನ್ನ ಶೆಡ್ಡಿನೊಳಗೆ ಸೇರಿಸಬೇಡ. ಕಟ್ಟರನ್ನು ಮಾರಿ ಏಳಿಂಚಿನ ಸರ್ಕ್ಯುಲರ್ ಸಾ ಕೊಂಡುಕೋ, ಕೊಂಡ ಮೇಲೆ ಅದರ ಕೆಳಗಿನ ಗಾರ್ಡನ್ನು ತಂತಿಯಿಂದ ಕಟ್ಟಿ ಮೇಲೆತ್ತಿಡಬೇಡ. ಯಾವ ಬ್ಲೇಡಾದರೂ ಅದರ ಮೇಲೆ ಮುದ್ರಿಸಿದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕೆಂಬುದನ್ನು ಅಂಗಡಿಯಲ್ಲೇ ನೋಡು.

ಪ್ಲೇನರಿನಲ್ಲಿ ಒಂದಡಿಗಿಂತ ಗಿಡ್ಡ ತುಂಡನ್ನು ಹಾಕಬೇಡ. ಅದಕ್ಕೆ ಕೈಯ ಕೀಸುಳಿಯೇ ಸಾಕು. ಹಳೆಯ ಯಂತ್ರವಾದ್ದರಿಂದ ಅಲಗು ಕೂಡಿಸಿರುವ ತಲೆ ದುಂಡಗಿದೆಯೋ ಚೌಕವೋ ನೋಡಿ ಬರೆ. ಚೌಕ ತಲೆಯಾದರೆ ಮೂಲೆಗಳ ನಡುವಿನ ಸಂದು ಬೆರಳನ್ನು ಆಳಕ್ಕೆ ಎಳೆದುಕೊಳ್ಳುತ್ತದೆ, ಹಾಗಿದ್ದರೆ ಕೊಟ್ಟವನಿಗೇ ಹಿಂದಿರುಗಿಸುವುದು ಲೇಸು. ರೌಟರನ್ನು ಅದರ ಬಿಟ್ (ಕೊರೆಯುವ ಅಲಗು) ತಿರುಗುವ ದಿಕ್ಕಿಗೆ ಎದುರಾಗಿ ನಡೆಸಬೇಕು. ದಿಕ್ಕಿನ ಜೊತೆಗೇ ನಡೆಸಿದರೆ ಅದು ನಿನ್ನನ್ನೇ ಎಳೆದುಕೊಂಡು ಓಡುತ್ತದೆ.

ಹಳೆಮನೆ ಕೆಡವಿದ ತೊಲೆ, ಜಂತೆ ಅಗ್ಗಕ್ಕೆ ಸಿಗುತ್ತದೆಂದು ತಂದಿರುವೆಯೆಂದು ಕೇಳಿದೆ. ಮತ್ತಿ, ಹೊನ್ನೆ, ಬೀಟೆ ಒಳ್ಳೆಯ ಮರವೇ. ಆದರೆ ಹಳೆಯ ಮೊಳೆಯ ತಲೆ ತುಕ್ಕು ಹಿಡಿದು ಉದುರಿದ ಮೇಲೆ ಮೈ ಮಾತ್ರ ಒಳಗೆ ಉಳಿದು, ಮೇಲ್ಮೈಯಲ್ಲಿ ಕಪ್ಪು ಕಲೆಯಷ್ಟೇ ಕಾಣುತ್ತದೆ. ಹಿತ್ತಲಿನ ಹಲಸಿನ ಮರವಾದರೆ ಒಳಗೆ ಬೇಲಿಯ ತಂತಿಯೇ ಇರಬಹುದು. ಬ್ಲೇಡಿನ ಗಟ್ಟಿ ಕಾರ್ಬೈಡ್ ಹಲ್ಲು ಅದಕ್ಕೆ ತಾಗಿ ಮುರಿದರೆ ಗುಂಡಿನಂತೆ ಹಾರುತ್ತದೆ. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಪ್ರತಿ ಮುಖದ ಮೇಲೂ ಆಡಿಸಿ, ಅದು ಎಲ್ಲಿ ಓಲಾಡಿ ನಿಲ್ಲುತ್ತದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕು. ಕನ್ನಡಕ ಯಾಕೆ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಇನ್ನು ನಮ್ಮ ಕಡೆಯ ಕರೆಂಟು. ಮಳೆಗಾಲದಲ್ಲಿ ನಡುಗೆಲಸಕ್ಕೆ ಕರೆಂಟು ಹೋಗುವುದು ಹೊಸತೇನಲ್ಲ. ಯಂತ್ರ ನಿಂತಿತೆಂದು ಅರ್ಧ ಸೀಳಿದ ಮರವನ್ನು ಎಳೆಯಲು ಕೈ ಹಾಕುತ್ತಾರೆ, ಸ್ವಿಚ್ ಮಾತ್ರ ಆನ್ ಆಗಿಯೇ ಇರುತ್ತದೆ, ಅಷ್ಟರಲ್ಲಿ ಕರೆಂಟು ಬರುತ್ತದೆ. ಇದನ್ನು ತಡೆಯಲು, ಕರೆಂಟು ಹೋದೊಡನೆ ತಾನಾಗಿ ಆಫ್ ಆಗಿ, ಬಂದ ಮೇಲೆ ಹಸಿರು ಗುಂಡಿ ಒತ್ತಿದರಷ್ಟೇ ಮತ್ತೆ ಓಡುವ ಸ್ಟಾರ್ಟರುಗಳು ಸಿಗುತ್ತವೆ. ಟೇಬಲ್ ಸಾಗೂ ಪ್ಲೇನರಿಗೂ ಮೊದಲು ಅದನ್ನು ಹಾಕಿಸು, ಕೆಂಪು ಗುಂಡಿ ಮಂಡಿಯಿಂದ ಒತ್ತಲು ಸಿಗುವಷ್ಟು ಎತ್ತರದಲ್ಲಿರಲಿ. ಮೀಟರ್ ಪೆಟ್ಟಿಗೆಯಲ್ಲಿರುವ ಎಂಸಿಬಿ ಎಂಬ ಸ್ವಿಚ್ಚು ಕರೆಂಟು ಮಿತಿ ಮೀರಿದಾಗ ಬಿದ್ದು ತಂತಿಯನ್ನು ಕಾಯುತ್ತದೆಯೇ ಹೊರತು ಮನುಷ್ಯನನ್ನಲ್ಲ. ಮನುಷ್ಯನಿಗಾಗಿ ಕರೆಂಟು ಸೋರಿದೊಡನೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಬೇಕು. ತಂತಿಯ ತುದಿ ಸುಲಿದು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ತುರುಕುವ ಪದ್ಧತಿಯನ್ನು ನಿನ್ನ ಶೆಡ್ಡಿನಲ್ಲಿ ಒಂದು ದಿನವೂ ನಡೆಯಗೊಡಬೇಡ. ಬ್ಲೇಡ್, ಬಿಟ್, ಅಲಗು ಯಾವುದನ್ನು ಬದಲಾಯಿಸುವುದಿದ್ದರೂ ಪ್ಲಗ್ ಕಿತ್ತು ಕಣ್ಣಿಗೆ ಕಾಣುವಲ್ಲಿ ಇಟ್ಟುಕೋ.

ಲುಂಗಿ, ಪಂಚೆ, ತೂಗಾಡುವ ಟವೆಲು, ಉಂಗುರ, ಕೈಗೆ ಕಟ್ಟಿದ ಕಾಶಿದಾರ ಇವು ಯಾವುವೂ ತಿರುಗುವ ಯಂತ್ರದ ಹತ್ತಿರ ಸಲ್ಲವು. ದೇವರ ದಾರವನ್ನು ಬಿಚ್ಚಲು ಮನಸ್ಸಾಗದವರು ಅಂಟುಪಟ್ಟಿಯಿಂದ ಮುಚ್ಚಿಕೊಳ್ಳಲಿ. ಕೈಗವಸು ಹಾಕಿದರೆ ಸುರಕ್ಷಿತವೆಂದು ಹಲವರು ತಿಳಿದಿದ್ದಾರೆ; ಮರ ಹೊರುವಾಗ ಅದು ಸರಿ, ಆದರೆ ಡ್ರಿಲ್ಲಿನ, ಬ್ಲೇಡಿನ ಎದುರು ಗವಸಿನ ಒಂದು ಎಳೆ ಸಿಕ್ಕಿದರೆ ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಆಯುಧಪೂಜೆಯಂದು ಯಂತ್ರಕ್ಕೆ ಸುತ್ತಿದ ಸೇವಂತಿಗೆ ಮಾಲೆಯನ್ನು ತೆಗೆಯದೆ ಮರುದಿನ ಸ್ವಿಚ್ ಹಾಕಿ, ಹೂವಿನ ದಾರ ಡ್ರಿಲ್ಲಿನ ಬಿಟ್ ಹಿಡಿಯುವ ಮೂತಿಗೆ ಸುತ್ತಿಕೊಂಡು ಯಂತ್ರವೇ ಮಗುಚಿದ್ದನ್ನು ನಾನು ಕಂಡಿದ್ದೇನೆ. ಪೂಜೆ ಮಾಡು, ಮಾಲೆ ತೆಗೆದು ಕೆಲಸ ಮಾಡು.

ಧೂಳಿನಿಂದ ಇಂದು ಏನೂ ಆಗುವುದಿಲ್ಲ, ಅದಕ್ಕೇ ಜನ ಅದನ್ನು ಲೆಕ್ಕಿಸುವುದಿಲ್ಲ. ಮರದ ಧೂಳು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲೇ ಪ್ರಕಟಿಸಿದೆ. ಮೂಗಿನ ಒಳಭಾಗಕ್ಕೆ ಅದು ಹೆಚ್ಚು ತಗಲುತ್ತದೆ. ಬೀಟೆ, ಸಾಗುವಾನಿ ಧೂಳು ಕೆಲವರಿಗೆ ಚರ್ಮದ ತುರಿಕೆ ಹತ್ತಿಸುತ್ತದೆ. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೊಯ್ಯುವಾಗ ಏಳುವ ಹಿಟ್ಟಿನಂಥ ಧೂಳಿನಲ್ಲಿ ಅಂಟಿನ ಫಾರ್ಮಾಲ್ಡಿಹೈಡ್ ಸೇರಿರುತ್ತದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್95 ಮುಖವಾಡ ಹಾಕು. ಮತ್ತು ಧೂಳನ್ನು ಹೀರಿ ತೆಗೆ, ಪೊರಕೆಯಿಂದ ಎಬ್ಬಿಸಬೇಡ. ಸಂಜೆ ಪಾಲಿಷ್ ಮುಗಿದ ಮೇಲೆ ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅವು ತಾವೇ ಬಿಸಿಯಾಗಿ ಹೊತ್ತಿಕೊಳ್ಳುತ್ತವೆ. ಹೊರಗೆ ತಂತಿಯ ಮೇಲೆ ಬಿಡಿಸಿ ಒಣಹಾಕು. ಕಿವಿಗೆ ಮುಚ್ಚುಗೆ ಹಾಕಿಯೇ ಯಂತ್ರ ನಡೆಸು, ಕಳೆದುಹೋದ ಕಿವಿ ಯಾವ ಔಷಧಿಗೂ ಮರಳುವುದಿಲ್ಲ.

ಕೆಲಸ ಕಲಿಯಲು ಹುಡುಗನೊಬ್ಬ ಬಂದಿದ್ದಾನಂತೆ. ಹದಿನೆಂಟು ತುಂಬದವನಾದರೆ ಯಂತ್ರ ಮುಟ್ಟಿಸಬೇಡ. ಕಾನೂನು ಏನೇ ಹೇಳಲಿ, ನಾನು ಹೇಳುವುದು ಇದನ್ನೇ. ತುಂಬಿದವನಾದರೂ, ಟೇಬಲ್ ಸಾ ಹಿಂದೆ ನಿಂತು ಸೀಳಿದ ಮರವನ್ನು ಎಳೆಯಲು ಬಿಡಬೇಡ; ಅವನು ಕೆಳಗಿನಿಂದ ಆನಿಸಿ ಹಿಡಿಯಲಿ, ನಡೆಸುವ ಕೈ ಒಬ್ಬನದೇ ಇರಲಿ. ನೀನು ಕೊಯ್ಯುತ್ತಿರುವಾಗ ಯಾರೂ ಹೆಗಲು ಮುಟ್ಟಿ ಕರೆಯಬಾರದು, ಎದುರಿಗೆ ಬಂದು ನಿಂತು ಕಾಯಬೇಕು ಎಂಬ ನಿಯಮವನ್ನು ಗಿರಾಕಿಗಳಿಗೂ ಹೇಳು.

ಹೀಗಿದ್ದೂ ಯಾರಿಗಾದರೂ ಪೆಟ್ಟಾದರೆ ಮಾಡಬೇಕಾದದ್ದನ್ನು ಬರೆದು ಗೋಡೆಗೆ ಅಂಟಿಸು. ಶುದ್ಧ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆತ್ತಿ ಹಿಡಿದು, 108ಕ್ಕೆ ಕರೆಮಾಡಬೇಕು. ಅರಿಸಿನ, ಕಾಫಿಪುಡಿ ಏನನ್ನೂ ತುಂಬಬಾರದು. ಬೆರಳು ತುಂಡಾಗಿ ಬಿದ್ದಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಡಬೇಕು. ಬೆರಳನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಿದರೆ ಅದು ಕೆಟ್ಟು ಮತ್ತೆ ಜೋಡಿಸಲು ಬರುವುದಿಲ್ಲ. ಅಂಥ ಶಸ್ತ್ರಚಿಕಿತ್ಸೆ ನಿನಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆಗುತ್ತದೆಂದು ಈಗಲೇ ವಿಚಾರಿಸಿ ಅದರ ನಂಬರನ್ನೂ ಆ ಹಾಳೆಯ ಮೇಲೆ ಬರೆ.

ದೀಪಾವಳಿ ಕಳೆದ ಮೇಲೆ ಎರಡು ದಿನ ಉಳಿಯುವಂತೆ ಬರುತ್ತೇನೆ. ಬರುವಷ್ಟರಲ್ಲಿ ಸ್ಟಾರ್ಟರನ್ನೂ ಆರ್‌ಸಿಸಿಬಿಯನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿರು. ಗಾರ್ಡನ್ನೂ ಪಟ್ಟಿಯನ್ನೂ ಇಬ್ಬರೂ ಸೇರಿ ಕೂಡಿಸೋಣ. ಅಲ್ಲಿಯವರೆಗೆ ಟೇಬಲ್ ಸಾ ನಡೆಸಬೇಡ. ಅವಸರದ ಕೆಲಸವಿದ್ದರೆ ಹತ್ತಿರದ ಸಾಮಿಲ್ಲಿನಲ್ಲಿ ಸೀಳಿಸಿಕೊಂಡು ಬಾ, ಕೂಲಿಯನ್ನು ನಾನು ಕೊಡುತ್ತೇನೆ.

ಅಮ್ಮನಿಗೆ ನನ್ನ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ