ಒಲೆ ಎಲ್ಲಿ ಅಂತ ಕೇಳಿದ ಅಜ್ಜಿಗೆ

ಆಷಾಢದ ಗಾಳಿಗೆ ನಮ್ಮ ಹಾಲಕ್ಕಿ ಒಕ್ಕಲಿಗರ ಹಳೆಯ ಸಾಮಾನು ಉಳಿಸಲೆಂದು ಅಂಗಳದಲ್ಲಿ ಕಟ್ಟಿದ್ದ ಹುಲ್ಲುಮನೆ ಮಗುಚಿ ಬಿದ್ದ ದಿನ ನಾನು ಅತ್ತಿದ್ದು ನಿಜ. ದೀಪಾವಳಿಗೆ ಅದು ಮತ್ತೆ ಎದ್ದು ನಿಂತಿದೆ. ಯಾರ್ಯಾರ ಕೈ ಅದರಲ್ಲಿದೆ ಅಂತ ಹೇಳದೆ ಹೋದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಇಂಥ ಮನೆ ಕಟ್ಟುವ ಹುಚ್ಚು ಹಿಡಿದದ್ದು ಕಾರವಾರದ ಟಾಗೋರ್ ಕಡಲತೀರದ ರಾಕ್ ಗಾರ್ಡನ್‌ನಲ್ಲಿ. ಅಲ್ಲಿನ ಹಾಲಕ್ಕಿ ಹೆಂಗಸಿನ ಮೂರ್ತಿಯ ಎದುರು ಅಮ್ಮ ತನ್ನ ಕರಿಮಣಿ ಸರ ಮುಟ್ಟಿಕೊಳ್ಳುತ್ತ ತುಂಬ ಹೊತ್ತು ನಿಂತಿದ್ದಳು. ಆಮೇಲೆ 2024ರ ಡಿಸೆಂಬರಿನಲ್ಲಿ ಗಿಡ ಬೆಳೆಸಿದ ತುಳಸಿ ಗೌಡ ತೀರಿಹೋದರು, 2025ರ ಫೆಬ್ರವರಿಯಲ್ಲಿ ಜನಪದ ಹಾಡುಗಾರ್ತಿ ಸುಕ್ರಜ್ಜಿ, ಅಂದರೆ ಸುಕ್ರಿ ಬೊಮ್ಮಗೌಡ. ನಮ್ಮ ಅಂಕೋಲೆಯ ಇಬ್ಬರು ಪದ್ಮಶ್ರೀಗಳು, ಎರಡೇ ತಿಂಗಳೊಳಗೆ. ಸುಕ್ರಜ್ಜಿಯ ಹಾಡಾದರೂ ಒಂದಿಷ್ಟು ಧ್ವನಿಮುದ್ರಣದಲ್ಲಿ ಉಳಿದಿದೆ. ನಮ್ಮ ಅಟ್ಟದ ಸಾಮಾನು ಮಾತ್ರ ಗುಜರಿಗೆ ಹೊರಟಿತ್ತು.

ಸಹಾಯಕ್ಕೆಂದು ಒಂದು ಕಚೇರಿಗೆ ನಾಲ್ಕು ಸಲ ಅಲೆದೆ. ಆ ಕತೆ ಬಿಡಿ.

ಬಿದಿರು ಕಡಿದು ಹೊತ್ತು ತಂದ ಕೇರಿಯ ಹುಡುಗರಿಗೆ, ಸುಗ್ಗಿ ಕುಣಿತದಲ್ಲಿ ತಲೆಗೆ ಕಟ್ಟುವ ತುರಾಯಿಯನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟ ದೊಡ್ಡಪ್ಪನಿಗೆ ಋಣಿ. ಗುಮಟೆ ಎಂಬ ನಮ್ಮ ಮಣ್ಣಿನ ವಾದ್ಯದ ಮಡಕೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಸಲ್ಲ. ಆಡಿನ ಚರ್ಮ ಎಳೆದು ಕಟ್ಟಿ, ಬಿಸಿಲಿಗಿಟ್ಟು, ನಾದ ಸರಿಬರುವವರೆಗೆ ಮೂರು ಸಲ ಬಿಚ್ಚಿದ ಮಾವನ ತಾಳ್ಮೆ ನನಗಂತೂ ಇಲ್ಲ. ಯಲ್ಲಾಪುರದ ಸಿದ್ದಿ ಸಮುದಾಯದ ಗೆಳತಿ ತನ್ನಜ್ಜಿ ಹೊಲಿದ ಕೌದಿ ತಂದುಕೊಟ್ಟಳು. "ನಮಗೆ 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿ ಸಿಕ್ತು, ನಿಮ್ಮದು ಎಲ್ಲಿಗೆ ಬಂತು?" ಅಂತ ಕೀಟಲೆಯನ್ನೂ ಮಾಡಿದಳು. ಕೇಳುತ್ತಲೇ ಇದ್ದೇವೆ ಮಾರಾಯ್ತಿ!

ಎಲ್ಲಕ್ಕಿಂತ ದೊಡ್ಡ ಉಪಕಾರ ಬೈದವಳದ್ದು. ಗೋಡೆಗೆ ಶೇಡಿಯಿಂದ, ಅಂದರೆ ಬಿಳಿ ಮಣ್ಣಿನಿಂದ, ಚಿತ್ತಾರ ಬರೆದು, ಒರಳು, ಮೊರ, ಮೀನುಬುಟ್ಟಿ ಎಲ್ಲ ಸಾಲಾಗಿ ಜೋಡಿಸಿ ಹೆಮ್ಮೆಯಿಂದ ನಿಂತಿದ್ದೆ. ಆಚೆ ಕೇರಿಯ ಅಜ್ಜಿ ಬಗ್ಗಿ ಒಳಗೆ ನೋಡಿ, "ಇದು ಮನೆಯೋ, ಅಂಗಡಿಯೋ? ಒಲೆ ಎಲ್ಲಿ ಮಗಾ?" ಅಂದಳು. ನಾಚಿಕೆಯಾಯಿತು. ಮಾರನೆ ದಿನ ತಾನೇ ಮಣ್ಣು ಕಲಸಿ, ಮೂರು ಗುಡ್ಡೆ ಕಟ್ಟಿ, ಬೆರಳಿನಿಂದ ಬಾಯಿ ತೀಡಿದಳು. ಅವಳ ಹೆಬ್ಬೆರಳ ಗುರುತು ಈಗಲೂ ಎಡಗುಡ್ಡೆಯ ಮೇಲಿದೆ. ಸಾರಿಸುವಾಗ ಅಮ್ಮ ಅಷ್ಟು ಜಾಗ ಬಿಟ್ಟೇ ಸಾರಿಸುತ್ತಾಳೆ.

ಭಾನುವಾರ ಆ ಒಲೆಯ ಮೇಲೆ ಗಂಜಿ ಬೇಯುತ್ತದೆ, ಸುಟ್ಟ ಒಣಮೀನೂ ಇರುತ್ತದೆ. ಬರುವಾಗ ಒಂದು ಹಿಡಿ ಒಣ ಕಟ್ಟಿಗೆ ತನ್ನಿ.