ಬ್ರೆನ್ ಚಿತ್ರ ಹಂಚುವ ಮುನ್ನ

ಸದಸ್ಯರಿಗೆ ನಮಸ್ಕಾರ. ನಿನ್ನೆ ಬ್ರಿಟಿಷರ ಲಘು ಮೆಷಿನ್ ಗನ್ ಬ್ರೆನ್ ಎಂದು ಗುಂಪಿಗೆ ಬಂದ ಎರಡು ಚಿತ್ರಗಳಲ್ಲಿ ಒಂದು ಬ್ರೆನ್ ಅಲ್ಲ, ಅದರ ಮೂಲವಾದ ಚೆಕೊಸ್ಲೊವಾಕಿಯಾದ ಜೆಡ್‌ಬಿ 26. ಜೆಡ್‌ಬಿ 26 ಕೂಡ ಲಘು ಮೆಷಿನ್ ಗನ್, ವಾತ್ಸ್ಲಾವ್ ಹೊಲೆಕ್ ಅವರ ವಿನ್ಯಾಸ. ಬ್ರಿಟಿಷರು 1930ರ ದಶಕದಲ್ಲಿ ಅದನ್ನು ಪರೀಕ್ಷಿಸಿ, ಮೆಚ್ಚಿ, ತಮ್ಮ .303 ಇಂಚಿನ ತೋಟಾಕ್ಕೆ ಹೊಂದಿಸಿಕೊಂಡರು. ಚೆಕೊಸ್ಲೊವಾಕಿಯಾದ ಬ್ರನೊ ನಗರದ ‘ಬ್ರ’, ಇಂಗ್ಲೆಂಡಿನ ಎನ್‌ಫೀಲ್ಡ್‌ನ ‘ಎನ್’ ಕೂಡಿ ಬ್ರೆನ್ ಆಯಿತು.

ಗುರುತು ಹಿಡಿಯಲು ಮ್ಯಾಗಜೀನ್, ಅಂದರೆ ಗುಂಡುಗಳನ್ನು ತುಂಬುವ ಪೆಟ್ಟಿಗೆ, ನೋಡಿ. ಎರಡರಲ್ಲೂ ಅದು ಮೇಲ್ಗಡೆಯೇ ಕೂರುತ್ತದೆ. ಜೆಡ್‌ಬಿಯದು 20 ಗುಂಡುಗಳ ನೇರ ಪೆಟ್ಟಿಗೆ. ಬ್ರೆನ್‌ನದು 30 ಗುಂಡುಗಳದ್ದು, ಬಾಳೆಕಾಯಿಯಂತೆ ಬಾಗಿದೆ. .303 ತೋಟಾದ ಬುಡದ ಅಂಚು ಹೊರಚಾಚಿರುತ್ತದೆ, ಒಂದರ ಮೇಲೊಂದು ಪೇರಿಸಿದರೆ ಸಾಲು ತಾನಾಗಿ ಬಾಗುತ್ತದೆ. ಮ್ಯಾಗಜೀನ್ ನೋಟಕ್ಕೆ ಅಡ್ಡವಾಗುವುದರಿಂದ ಗುರಿ ಹಿಡಿಯುವ ಕಿಂಡಿಯನ್ನು ಎಡಕ್ಕೆ ಸರಿಸಿದ್ದಾರೆ. ಕಾದ ನಳಿಗೆಯನ್ನು ಹಿಡಿಕೆಯಿಂದಲೇ ಕಳಚಿ, ಕೆಲವೇ ಸೆಕೆಂಡುಗಳಲ್ಲಿ ಬೇರೊಂದನ್ನು ಕೂರಿಸಬಹುದು. ನನಗೆ ತೀರಾ ಹಿಡಿಸಿದ ಜಾಣ್ಮೆ ಇದು.

ಒಂದು ಎಚ್ಚರಿಕೆ: ನಮ್ಮ ಸೇನೆ ಬಳಸಿದ, 7.62 ಮಿ.ಮೀ. ತೋಟಾದ ಬ್ರೆನ್‌ನ ಮ್ಯಾಗಜೀನ್ ಹೆಚ್ಚುಕಡಿಮೆ ನೇರವಾಗಿಯೇ ಇದೆ. ಅಂಥ ಚಿತ್ರವಾದರೆ ನಳಿಗೆ ನೋಡಿ. ಜೆಡ್‌ಬಿಯದಕ್ಕೆ ಉದ್ದಕ್ಕೂ ಬಳೆಬಳೆಯಾಗಿ ಏಣುಗಳಿವೆ, ಬ್ರೆನ್‌ನದು ನುಣುಪು. ಚಿತ್ರ ಹಾಕಿದವರು ದಯವಿಟ್ಟು ಶೀರ್ಷಿಕೆ ತಿದ್ದಿ ಮತ್ತೆ ಹಾಕಿ.